ಪಾಡ್ಯಕ್ಕೆ ಊರು ಬಿಡುವವರು

ಹುಕ್ಕೇರಿ
೮ ಆಗಸ್ಟ್ ೧೯೯೯

ಪೊಲೀಸ್ ಮೇಲ್ವಿಚಾರಣಾ ನಾಗರಿಕ ಸಮಿತಿಯ ಕಾರ್ಯದರ್ಶಿಗಳಿಗೆ,

ಕ್ಷೇಮ ವಿಚಾರಿಸುವ ಮನಸ್ಸಿಲ್ಲ, ಆದ್ದರಿಂದ ನೇರವಾಗಿ ವಿಷಯಕ್ಕೆ ಬರುತ್ತೇನೆ. ನಿಮ್ಮ ಸಮಿತಿಯ ಒಂದು ವರ್ಷದ ಕಾರ್ಯಯೋಜನೆಯನ್ನು ನಮ್ಮ ಶಾಲೆಯ ನೋಟಿಸ್ ಬೋರ್ಡಿಗೂ ತಂದು ಅಂಟಿಸಿದ್ದಾರೆ. ಪೊಲೀಸರಿಂದ ತೊಂದರೆಯಾದವರು ನಿರ್ಭೀತಿಯಿಂದ ಬಂದು ಹೇಳಿಕೊಳ್ಳಬೇಕೆಂದು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿದ್ದೀರಿ. ಓದಿ ನಗು ಬಂತು, ಆಮೇಲೆ ಮೈಯೆಲ್ಲ ಉರಿಯಿತು.

ಈಗಿನಿಂದ ದೀಪಾವಳಿಯವರೆಗೆ ನೀವು ಗೋಕಾಕದಲ್ಲಿ ಕೂತು ನಿಯಮ ಬರೆಯುತ್ತೀರಿ. ದೀಪಾವಳಿ ಮುಗಿದ ಮೇಲೆ ಹಳ್ಳಿಗಳಿಗೆ ಹೊರಡುತ್ತೀರಿ. ಮೊದಲು ಹುಕ್ಕೇರಿ ಕಡೆಯ ಊರುಗಳು, ನಂತರ ಕಲ್ಲೋಳಿ, ಫೆಬ್ರುವರಿಯಲ್ಲಿ ತುಕ್ಕಾನಟ್ಟಿ. ಬೇಸಿಗೆಯಲ್ಲಿ ವರದಿ. ಜುಲೈಗೆ ಸಮಿತಿಯ ಅವಧಿಯೇ ಮುಗಿಯುತ್ತದೆ.

ನಾನು ತುಕ್ಕಾನಟ್ಟಿಯವಳೆಂಬುದು ನಿಮಗೆ ಗೊತ್ತು. ನಮ್ಮ ಓಣಿಯಲ್ಲಿರುವುದೆಲ್ಲ ಕುರಿ ಕಾಯುವ ಮನೆಗಳೆಂಬುದೂ ಗೊತ್ತು, ಎರಡು ಸಲ ಬಂದು ಉಂಡು ಹೋಗಿದ್ದೀರಿ. ದೀಪಾವಳಿ ಪಾಡ್ಯದ ದಿನ ನಮ್ಮವರು ಕುರಿಗಳಿಗೆ ಪೂಜೆ ಮಾಡಿ, ಕಾಯಿ ಒಡೆದು, ಊರು ಬಿಡುತ್ತಾರೆ. ತಿರುಗಿ ಬರುವುದು ಮೃಗಶಿರ ಮಳೆ ಬಿದ್ದ ಮೇಲೆ. ನಡುವಿನ ಅಷ್ಟೂ ತಿಂಗಳು ನಮ್ಮ ಓಣಿಯಲ್ಲಿ ಇರುವುದು ಬೀಗಗಳು ಮತ್ತು ನಡೆಯಲಾಗದ ಮುದುಕಿಯರು. ಫೆಬ್ರುವರಿಯಲ್ಲಿ ನೀವು ಬಂದು ಕೇಳುವುದು ಯಾರನ್ನು?

ನನ್ನ ತಮ್ಮ ಸುನೀಲನ ವಿಷಯ ಮರೆತಿದ್ದರೆ ನೆನಪಿಸುತ್ತೇನೆ. ಹೋದ ವರ್ಷ ಮಳೆಗಾಲದಲ್ಲಿ ಯಾರೋ ದೊಡ್ಡ ರೈತರ ಕುರಿ ಕಾಣೆಯಾದವೆಂದು ನಮ್ಮ ಭಾಗದ ಫೌಜದಾರ ಅವನನ್ನು ಠಾಣೆಗೆ ಎಳೆದುಕೊಂಡು ಹೋದ. ಬಲಗೈಯನ್ನು ಬೆಂಚಿನ ಮೇಲೆ ಇಡಿಸಿ ಲಾಠಿಯಿಂದ ಜಜ್ಜಿದ. ಕುರಿಗಳು ದಾರಿ ತಪ್ಪಿ ಬೇರೆ ಹಿಂಡಿನಲ್ಲಿ ಸೇರಿದ್ದವು, ತಾವಾಗಿ ಸಿಕ್ಕವು. ಆಗ "ಹೋಗಲೇ" ಅಂದು ಬಿಟ್ಟ. ಕೇಸಿಲ್ಲ, ಕಾಗದವಿಲ್ಲ. ಸುನೀಲ ಆ ಠಾಣೆಯ ಮೆಟ್ಟಿಲು ಹತ್ತಿಯೇ ಇಲ್ಲವೆಂದು ಈಗ ಹೇಳುತ್ತಾರೆ. ಅವನ ಆ ಕೈ ಇವತ್ತಿಗೂ ಮುಷ್ಟಿ ಕಟ್ಟುವುದಿಲ್ಲ. ಆಗ ವಕೀಲರಾದ ನಿಮ್ಮ ಮನೆಗೆ ಬಂದೆ. ಚಹಾ ಕೊಟ್ಟು ಕಳಿಸಿದಿರಿ.

ಈಗ ಅವನು ಊರಲ್ಲಿದ್ದಾನೆ. ಈ ಶ್ರಾವಣದಲ್ಲೇ ಒಂದು ದಿನ ಬಂದು ಅವನ ಮಾತು ಕೇಳಿ. ನಾನು ಕೇಳುತ್ತಿರುವುದು ಇಷ್ಟೇ.

ದ್ರಾಕ್ಷಾಯಿಣಿ
ಸಹಶಿಕ್ಷಕಿ

ತಾ.ಕ.: ಹಾಸ್ಟೆಲ್ಲಿನಲ್ಲಿ ಒಂದೇ ತಾಟಿನಲ್ಲಿ ಉಂಡವಳಿಗೆ ಬಹುವಚನ ಬಳಸುವುದು ಸುಲಭವಲ್ಲ. ಆದರೂ ಸಿಟ್ಟು ಸಹಾಯ ಮಾಡಿತು.


ಗೋಕಾಕ
೨೧ ಆಗಸ್ಟ್ ೧೯೯೯

ದ್ರಾಕ್ಷಾ,

"ಕಾರ್ಯದರ್ಶಿಗಳಿಗೆ" ಎಂದು ಬರೆದು ಕಪಾಳಕ್ಕೆ ಬಾರಿಸಿದೆ. ಬಾರಿಸು, ಆದರೆ ನನ್ನ ಮಾತನ್ನೂ ಕೇಳು. ಈ ಸಮಿತಿಯಲ್ಲಿ ಏಳು ಜನ. ಕಾನೂನು ಓದಿದವಳು ನಾನೊಬ್ಬಳೇ, ಹೆಂಗಸೂ ನಾನೊಬ್ಬಳೇ. ಅಧ್ಯಕ್ಷರು ನನ್ನ ಮಾವ ತವನಪ್ಪನವರು. ಅಂದರೆ ಬೆಳಿಗ್ಗೆ ಯಾರಿಗೆ ಚಹಾ ಕೊಡುತ್ತೇನೋ ಮಧ್ಯಾಹ್ನ ಅವರ ಸಹಿಗಾಗಿ ಕಾಯುತ್ತೇನೆ. ನಾನೇನು ಸಿಂಹಾಸನದ ಮೇಲೆ ಕೂತಿಲ್ಲ.

ಮಾವನವರು ಪ್ರತಿ ವರ್ಷ ನಮ್ಮ ಜೈನರ ಚಾತುರ್ಮಾಸ್ಯದಲ್ಲಿ ನೇಮ ಹಿಡಿಯುತ್ತಾರೆ. ಆಷಾಢದಿಂದ ದೀಪಾವಳಿ ಅಮಾವಾಸ್ಯೆಯವರೆಗೆ ಗೋಕಾಕದ ಸೀಮೆ ದಾಟುವುದಿಲ್ಲ. ಮಳೆಗಾಲದಲ್ಲಿ ನೆಲದ ತುಂಬ ಹುಳು ಹುಪ್ಪಟೆ ಇರುತ್ತವೆ, ತಿರುಗಾಡಿದರೆ ಕಾಲಡಿ ಜೀವ ಹೋಗುತ್ತದೆ ಎಂದು. ಕೊಣ್ಣೂರಿನ ತಮ್ಮ ಹೊಲಕ್ಕೂ ಹೋಗುವುದಿಲ್ಲ. ಅಧ್ಯಕ್ಷರಿಲ್ಲದೆ ವಿಚಾರಣೆ ಇಲ್ಲವೆಂಬುದು ಮೇಲಿನಿಂದ ಬಂದ ಆದೇಶ. ಆಯಾ ಊರಿನಲ್ಲೇ, ಆಯಾ ಠಾಣೆಯ ಫೌಜದಾರನ ಎದುರಿಗೇ ದೂರು ಕೇಳಬೇಕೆಂಬುದು ಮಾವನವರ ಪಟ್ಟು. ಬಾಧಿತನೇ ಬಂದು ಬಾಯಿಂದ ಹೇಳಬೇಕಂತೆ, ಬರೆದು ಕಳಿಸಿದರೆ ಯಾರು ಬೇಕಾದರೂ ಸುಳ್ಳು ಬರೆಯುತ್ತಾರಂತೆ. ಹೀಗೆ ಎಲ್ಲ ಸೇರಿ ಯೋಜನೆ ಹಾಗಾಯಿತು. ಬರೆದವಳು ನಾನೇ, ಹೌದು. ಆದರೆ ವರ್ಷ ಅವರದ್ದು.

ನಿನ್ನ ಪತ್ರವನ್ನು ಅವರಿಗೆ ಓದಿ ಹೇಳಿದೆ. ಪೂರ್ತಿ ಕೇಳಿದರು. ನಂತರ ಹೇಳಿದ್ದು ಇಷ್ಟು: "ಕುರಬರಿಗೆ ಒಂದ ದಿನಾ ಕುರಿ ಬಿಟ್ಟ ಬರಾಕ ಆಗೂದಿಲ್ಲೇನ? ನಾವ ಅಂಗಡಿ ಬಿಟ್ಟ ಬರೂದಿಲ್ಲೇನ? ನ್ಯಾಯಾ ಬೇಕಂದವ್ರು ಅಷ್ಟರ ತ್ರಾಸ ತಗೋಬೇಕ."

ಈ ಮಾತು ನಿನಗೆ ಸಿಟ್ಟು ತರಿಸುತ್ತದೆಂದು ಗೊತ್ತು. ಆದರೂ ನನಗೆ ಇದರಲ್ಲಿ ಅರ್ಧ ಸರಿ ಅನ್ನಿಸುತ್ತದೆ. ಫೆಬ್ರುವರಿಯಲ್ಲಿ ಒಂದು ದಿನ ಸುನೀಲನನ್ನು ಕರೆಸಿಕೋ. ಉಳಿದದ್ದು ನಾನು ನೋಡಿಕೊಳ್ಳುತ್ತೇನೆ.

ಚಹಾದ ಮಾತು ಎತ್ತಿದ್ದೀ. ಕೊಟ್ಟಿದ್ದು ಚಹಾ, ವಿಷವಲ್ಲ.

ರೂಪಾಲಿ


ಹುಕ್ಕೇರಿ
೧೪ ನವೆಂಬರ್ ೧೯೯೯

ರೂಪಾಲಿ,

ಮೂರು ತಿಂಗಳು ನಿನಗೆ ಬರೆಯಲಿಲ್ಲ. ಬರೆದಿದ್ದರೆ ಕೆಟ್ಟದ್ದೇ ಬರೆಯುತ್ತಿದ್ದೆ. ಇವತ್ತೂ ಒಳ್ಳೆಯದೇನೂ ಇಲ್ಲ.

ಪಾಡ್ಯಕ್ಕೆ ಊರಿಗೆ ಹೋಗಿದ್ದೆ. ಕುರಿಗಳಿಗೆ ಬಣ್ಣ ಹಚ್ಚಿದರು, ಆರತಿ ಎತ್ತಿದರು. ನನ್ನವ್ವ ಸತ್ತೆವ್ವ ಈ ವಯಸ್ಸಿನಲ್ಲೂ ಹಿಂಡಿನ ಜೊತೆ ಹೊರಟಿದ್ದಾಳೆ. ಯಾಕೆ ಹೊರಟಳು ಕೇಳು. ಸುನೀಲನಿಗೆ ಒಂದು ಕೈಯಲ್ಲಿ ಹಾಲು ಕರೆಯಲು ಬರುವುದಿಲ್ಲ, ಮರಿಗಳಿಗೆ ಬಲೆ ಕಟ್ಟಲು ಬರುವುದಿಲ್ಲ. ಕುದುರೆಯ ಮೇಲೆ ಸಾಮಾನು ಹೇರುವಾಗ ಹಗ್ಗದ ಒಂದು ತುದಿ ಹಲ್ಲಲ್ಲಿ ಕಚ್ಚಿ ಹಿಡಿದಿದ್ದ. ನಾನು ಹಿಡಿಯಲು ಹೋದರೆ ತಲೆ ಅಲ್ಲಾಡಿಸಿದ.

ನಿಮ್ಮ ಸಮಿತಿಯ ಮಾತು ತೆಗೆದೆ. ಫೆಬ್ರುವರಿಯಲ್ಲಿ ಒಂದು ದಿನ ಬಾ ಅಂದೆ. ಅವನು ಹೇಳಿದ್ದನ್ನು ಹಾಗೇ ಬರೆಯುತ್ತೇನೆ.

"ಅಕ್ಕಾ, ಫೆಬ್ರುವರಿ ಅಂದ್ರ ನಾವ ಎಲ್ಲಿ ಇರ್ತೀವೋ ನನಗ ಗೊತ್ತಿಲ್ಲ. ಮೇವ ಎಲ್ಲಿ ಐತಿ ಅಲ್ಲಿ. ಕಾಯಾಕ ಇರವ್ರ ಇಬ್ಬರ. ಒಬ್ಬ ಬಿಟ್ಟ ಬಂದ್ರ ತ್ವಾಳ ಬಿಡತೈತೇನ? ಅವ್ರು ಊರಾಗ ನಾ ಇದ್ದಾಗ ಬಂದ್ರ ಹೇಳ್ತೀನಿ. ಫೌಜದಾರನ ಮುಂದೂ ಹೇಳ್ತೀನಿ. ಬರ್ರಿ ಅನ್ನು."

ನೋಡು, ಅವನು ಹೆದರಿಲ್ಲ. ಹೇಳುತ್ತೇನೆ ಅಂದಿದ್ದಾನೆ. ಅವನು ಊರಲ್ಲಿದ್ದ ಅಷ್ಟೂ ದಿನ ನಿನ್ನ ಮಾವನವರು ಗೋಕಾಕದಲ್ಲಿ ಹುಳುಗಳನ್ನು ಕಾಪಾಡುತ್ತಿದ್ದರು. ಅಮಾವಾಸ್ಯೆಗೆ ಅವರ ನೇಮ ಮುಗಿಯಿತು, ಪಾಡ್ಯಕ್ಕೆ ನಮ್ಮವರು ಹೊರಟರು. ಅವರು ಬಾಗಿಲು ತೆಗೆಯುವ ಹೊತ್ತಿಗೆ ನಾವು ಬೀಗ ಹಾಕುತ್ತೇವೆ. ಇದು ಈ ವರ್ಷದ ಮಾತಲ್ಲ, ನಿನ್ನ ಯೋಜನೆ ಹೀಗೇ ಇದ್ದರೆ ಪ್ರತಿ ವರ್ಷವೂ ಇದೇ.

ಅವರ ನೇಮವನ್ನು ನಾನು ಹೀಯಾಳಿಸುತ್ತಿಲ್ಲ. ಕಾಲಡಿಯ ಇರುವೆಗೂ ಮರುಗುವವರು ದೊಡ್ಡವರೇ. ಬೆಂಚಿನ ಮೇಲೆ ಇಟ್ಟ ಕೈಗೂ ಅಷ್ಟೇ ಮರುಗಲಿ ಅನ್ನುತ್ತೇನೆ. ಹೆಚ್ಚಿಗೆ ಕೇಳುತ್ತಿಲ್ಲ.

ದ್ರಾಕ್ಷಾಯಿಣಿ


ಗೋಕಾಕ
೨೦ ಫೆಬ್ರುವರಿ ೨೦೦೦

ದ್ರಾಕ್ಷಾ,

ತುಕ್ಕಾನಟ್ಟಿಯ ವಿಚಾರಣೆ ಮುಗಿಯಿತು. ಯಾರೂ ಬರಲಿಲ್ಲ. ಶಾಲೆಯ ಅಂಗಳದಲ್ಲಿ ಪೆಂಡಾಲು, ಮೈಕು, ನಾವು ಏಳು ಜನ, ಎದುರಿಗೆ ಖಾಲಿ ಜಮಖಾನೆ. ನಿಮ್ಮ ಓಣಿಯ ಶೆಟ್ಟೆವ್ವ ಮಾತ್ರ ಕೋಲೂರಿಕೊಂಡು ಬಂದಳು. ಏನು ತಕರಾರು ಅಜ್ಜಿ ಅಂದರೆ "ತಕರಾರ ಏನಿಲ್ಲವಾ, ಮೈಕ ಹಚ್ಚೀರಿ, ನಾಟಕ ಐತೇನ ಅಂತ ಬಂದ್ನಿ" ಅಂದಳು. ನಾಟಕವೇ ಆಗಿತ್ತು, ಅವಳು ಹೇಳಿದ್ದರಲ್ಲಿ ತಪ್ಪಿಲ್ಲ.

ಫೌಜದಾರ ಇಸ್ತ್ರಿ ಬಟ್ಟೆಯಲ್ಲಿ ಬಂದಿದ್ದ. ಎಲ್ಲರಿಗೂ ಚಹಾ, ಚೂಡಾ ತರಿಸಿದ. "ನಮ್ಮ ಏರಿಯಾದಾಗ ತಕರಾರ ಇಲ್ಲ ಬಿಡ್ರಿ, ನಾವೆಲ್ಲಾ ಮನಿ ಮಂದಿ ಇದ್ದಂಗ" ಅಂದ. ಮಾವನವರು ತಲೆಯಾಡಿಸಿ, ತುಕ್ಕಾನಟ್ಟಿಯಲ್ಲಿ ಯಾವುದೇ ದೂರು ಇಲ್ಲವೆಂದು ನನ್ನ ಕೈಯಿಂದ ಬರೆಸಿದರು. ಈ ಫೌಜದಾರನಿಗೆ ಬಡ್ತಿ ಸಿಗುವುದಿದೆ, ನಮ್ಮ ವರದಿ ಸ್ವಚ್ಛವಾಗಿದ್ದರೆ ಅವನ ದಾರಿ ಸಲೀಸು. ಬರೆಯುವಾಗ ನನಗೆ ನಿನ್ನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಸುನೀಲ ಬರಲಿಲ್ಲ, ಸರಿ. ನೀನಾದರೂ ಬಂದು ಆ ಜಮಖಾನೆಯ ಮೇಲೆ ಕೂರಬಾರದಿತ್ತೇ? ದೂರದಲ್ಲಿ ನಿಂತು ಪತ್ರದಲ್ಲಿ ಬೈಯುವುದು ಎಷ್ಟು ಸುಲಭ ನೋಡು.

ಇರಲಿ. ಜಗಳ ಸಾಕಾಗಿದೆ, ನಗುವಂಥದ್ದೊಂದು ಬರೆಯುತ್ತೇನೆ. ಕುರಿಯವರು ಎಲ್ಲಿರುತ್ತಾರೋ ಗೊತ್ತಿಲ್ಲ ಅನ್ನುತ್ತೀಯಲ್ಲ, ನಮ್ಮ ಕೊಣ್ಣೂರ ಹೊಲದಲ್ಲೇ ಈಗ ಒಂದು ಹಿಂಡು ಇದೆ. ಕಬ್ಬು ಕಡಿದ ಮೇಲೆ ಗೊಬ್ಬರಕ್ಕೆಂದು ರಾತ್ರಿ ಕುರಿ ನಿಲ್ಲಿಸಿಕೊಂಡಿದ್ದಾರೆ. ಬದಲಿಗೆ ಜೋಳ ಕೊಡಬೇಕು. ಮಾವನವರು ತಾವೇ ಹೋಗಿ ಸೇರಿನಲ್ಲಿ ಅಳೆದು ಕೊಡುತ್ತಾರೆ. ಅಲ್ಲಿ ಒಬ್ಬ ಹುಡುಗನಿದ್ದಾನಂತೆ, ಎಷ್ಟು ಹೇಳಿದರೂ ಎಡಗೈಯನ್ನೇ ಚಾಚುತ್ತಾನಂತೆ. ಎಡಗೈಗೆ ಕಾಳು ಸುರಿಯುವುದೆಂದರೆ ಮಾವನವರಿಗೆ ಲಕ್ಷ್ಮಿಯನ್ನು ಒದ್ದ ಹಾಗೆ. "ಬಲಗೈ ಮುಂದ ಮಾಡೋ ಅಂದ್ರ ಕಲ್ಲ ನಿಂತಂಗ ನಿಂತಿದ್ದ. ನಾನೂ ಸೇರ ಹಂಗ ಹಿಡಕೊಂಡ ನಿಂತ್ನಿ. ಕಡೀಕ ಅವರವ್ವ ಬಂದ ಸೆರಗ ಒಡ್ಡಿದ್ಳು" ಎಂದು ಊಟಕ್ಕೆ ಕೂತಾಗ ನಟಿಸಿ ತೋರಿಸಿದರು. ಮನೆಯವರೆಲ್ಲ ನಕ್ಕೆವು. ನೀನೂ ನಗು, ಆಮೇಲೆ ಬೇಕಾದರೆ ಬೈ.

ರೂಪಾಲಿ


ಹುಕ್ಕೇರಿ
೨೪ ಫೆಬ್ರುವರಿ ೨೦೦೦

ರೂಪಾಲಿ,

ಅದು ಸುನೀಲ.

ಸೆರಗೊಡ್ಡಿದವಳು ನನ್ನವ್ವ. ನಿನಗೆ ಹೋಳಿಗೆ ಬಡಿಸಿದವಳು, ಹಾಸ್ಟೆಲ್ಲಿಗೆ ವಾಪಸು ಹೋಗುವಾಗ ನಿನ್ನ ಚೀಲಕ್ಕೂ ರೊಟ್ಟಿ ಕಟ್ಟಿದವಳು. ಹಿಂಡು ಆ ಕಡೆ ಬಂದಿದೆಯೆಂದು ನಮ್ಮೂರಿನವರೊಬ್ಬರು ಮೊನ್ನೆ ಬಸ್ಸಿನಲ್ಲಿ ಸಿಕ್ಕು ಹೇಳಿದ್ದರು. ಯಾರ ಹೊಲವೆಂದು ಅವರಿಗೂ ಗೊತ್ತಿರಲಿಲ್ಲ. ಈಗ ಗೊತ್ತಾಯಿತು.

ನೀವು ಏಳು ಜನ ಖಾಲಿ ಜಮಖಾನೆಗೆ ಮೈಕು ಹಚ್ಚಿ ಕೂತಿದ್ದ ದಿನ, ನೀವು ಹುಡುಕುತ್ತಿದ್ದ ಮನುಷ್ಯ ನಿಮ್ಮ ಅಧ್ಯಕ್ಷರ ಹೊಲದಲ್ಲಿದ್ದ. ಅವರ ಮಣ್ಣಿಗೆ ಗೊಬ್ಬರ ಹಾಕಿಸುತ್ತಿದ್ದ. ಅವರು ಅವನನ್ನು ಕಣ್ಣಾರೆ ನೋಡಿದ್ದಾರೆ. ಬಲಗೈ ತೋರಿಸು ಎಂದು ಬಾಯಿಬಿಟ್ಟು ಕೇಳಿದ್ದಾರೆ. ಯಾಕೆ ತೋರಿಸುವುದಿಲ್ಲ ಎಂದು ಮಾತ್ರ ಕೇಳಲಿಲ್ಲ. ಮನೆಗೆ ಬಂದು ಅಣಕಿಸಿದರು, ನೀನು ನಕ್ಕೆ. ಅವನ ಬಲಗೈ ಮುಷ್ಟಿ ಕಟ್ಟುವುದಿಲ್ಲವೆಂದು ಆಗಸ್ಟಿನಲ್ಲಿ ನಾನು ನಿನಗೆ ಬರೆದಿದ್ದೆ. ಹಲ್ಲಲ್ಲಿ ಹಗ್ಗ ಹಿಡಿಯುತ್ತಾನೆಂದು ನವೆಂಬರಿನಲ್ಲಿ ಬರೆದಿದ್ದೆ. ಓದಿದ್ದೆಯಾ, ಫೈಲಿಗೆ ಹಾಕಿದ್ದೆಯಾ?

ಅವ್ವ ಯಾಕೆ ಬಾಯಿ ಬಿಡಲಿಲ್ಲ ಅನ್ನುತ್ತೀಯೇನೋ. ಪೊಲೀಸರು ಹೊಡೆದ ಹುಡುಗ ಎಂದು ಗೊತ್ತಾದರೆ ಯಾವ ಸಾಹುಕಾರ ಹೊಲದಲ್ಲಿ ನಿಲ್ಲಿಸಿಕೊಳ್ಳುತ್ತಾನೆ? ಅದಕ್ಕೇ ಇಬ್ಬರೂ ಆ ಕೈಯನ್ನು ಮುಚ್ಚಿಕೊಂಡು ತಿರುಗುತ್ತಾರೆ.

ಒಂದು ಮಾತು ನಡೆಸಿಕೊಡು. ನಿನ್ನ ಮಾವನವರಿಗೆ ಇದನ್ನು ಹೇಳಬೇಡ. ಹೇಳಿದರೆ ಅಯ್ಯೋ ಪಾಪ ಅಂದು ಇನ್ನೊಂದು ಚೀಲ ಜೋಳ ಕಳಿಸಿ ಕೈ ತೊಳೆದುಕೊಳ್ಳುತ್ತಾರೆ. ನಮಗೆ ಜೋಳ ಬೇಡ. ವಿಚಾರಣೆ ಬೇಕು, ಫೌಜದಾರನ ಎದುರಿಗೆ ಬೇಕು.

ದ್ರಾಕ್ಷಾಯಿಣಿ


ಗೋಕಾಕ
೧೨ ಮಾರ್ಚ್ ೨೦೦೦

ದ್ರಾಕ್ಷಾ,

ನಿನ್ನ ಪತ್ರ ಬಂದ ಮರುದಿನವೇ ಕೊಣ್ಣೂರಿಗೆ ಹೋದೆ. ಹೊಲದ ತುಂಬ ಹಿಕ್ಕೆ, ಬದುವಿನ ಹತ್ತಿರ ಕಪ್ಪಾದ ಮೂರು ಕಲ್ಲು. ಬಾಜೂ ಹೊಲದ ಕೆಂಚಪ್ಪ ಬಂದು "ಮೊನ್ನೇನ ಹೊಳಿ ದಾಟಿ ಹ್ವಾದ್ರಲ್ರಿ ಅಕ್ಕಾರ" ಅಂದ. ಆ ಕಲ್ಲುಗಳ ಹತ್ತಿರ ಎಷ್ಟು ಹೊತ್ತು ನಿಂತಿದ್ದೆನೋ. ನಕ್ಕದ್ದು ನೆನಪಾಗಿ ನನ್ನ ಮೇಲೇ ಹೇಸಿಗೆಯಾಯಿತು.

ಆದರೆ ಅಳುತ್ತ ಕೂರಲಿಲ್ಲ. ಮೊನ್ನೆ ಸಭೆಯಲ್ಲಿ ವರದಿ ಸಹಿಗೆ ಬಂತು. ಫೌಜದಾರ ಒಂದು ಪ್ರತಿ ಬೇಕೆಂದು ಆಗಲೇ ಜನ ಕಳಿಸಿದ್ದ. ನಾನು ಸಹಿ ಮಾಡುವುದಿಲ್ಲ ಅಂದೆ. ಹೇಳುವವರು ಊರಲ್ಲಿಲ್ಲದಾಗ ಹೋಗಿ ದೂರು ಇಲ್ಲವೆಂದು ಬರೆದರೆ ಅದು ಸುಳ್ಳು, ಸುಳ್ಳಿಗೆ ನನ್ನ ಸಹಿ ಇಲ್ಲ ಅಂದೆ. ಮಾವನವರ ಮುಖ ಕೆಂಪಾಯಿತು. "ಯೋಜನಾ ಬರದಾಕಿ ನೀನ, ಈಗ ಸುಳ್ಳ ಅನ್ನಾಕಿನೂ ನೀನ" ಅಂದರು. "ಹೌದ್ರಿ, ಅದಕ್ಕ ತಿದ್ದಾಕಿನೂ ನಾನ" ಅಂದೆ.

ಹುಕ್ಕೇರಿಯ ನಿವೃತ್ತ ಹೆಡ್‌ಮಾಸ್ತರರು ಸೋಮಪ್ಪ ಸರ್ ನಿನಗೆ ಗೊತ್ತಲ್ಲ, ಅವರು ವರ್ಷವಿಡೀ ಸಭೆಯಲ್ಲಿ ತುಟಿ ಬಿಚ್ಚಿದವರಲ್ಲ. ಅವತ್ತು ಬಿಚ್ಚಿದರು. "ತವನಪ್ಪನವರ, ಹೊಲಕ್ಕ ಕುರಿ ಬೇಕ, ಸಭಾಕ್ಕ ಕುರಬರ ಬ್ಯಾಡೇನ್ರಿ?" ಯಾರೂ ಸಹಿ ಮಾಡಲಿಲ್ಲ.

ಮನೆಯಲ್ಲಿ ಈಗ ಮಾತು ನಿಂತಿದೆ. ನನ್ನ ಗಂಡ ಪ್ರತೀಕ "ಮನ್ಯಾಗ ಸೊಸಿ, ಸಮಿತ್ಯಾಗ ಕಾರ್ಯದರ್ಶಿ. ಎರಡರಾಗ ಒಂದ ಆಗ" ಅನ್ನುತ್ತಾನೆ. ಎರಡೂ ಆಗಿದ್ದೇನೆ, ಏನು ಮಾಡಿಕೊಳ್ಳುತ್ತೀ ಅಂದೆ. ಮಾವನವರು ನನ್ನ ಕೈಯ ನೀರು ಮುಟ್ಟುವುದಿಲ್ಲ, ತಾವೇ ಸೋಸಿಕೊಂಡು ಕುಡಿಯುತ್ತಾರೆ. ಕುಡಿಯಲಿ.

ಕ್ಯಾಲೆಂಡರು ಮುಂದಿಟ್ಟುಕೊಂಡು ನೋಡಿದ್ದೇನೆ. ನಿಮ್ಮವರು ಮೃಗಶಿರಕ್ಕೆ ಬರುತ್ತಾರೆ. ಇವರ ನೇಮ ಆಷಾಢ ಚತುರ್ದಶಿಗೆ ಶುರು. ನಡುವೆ ಒಂದು ಸಣ್ಣ ಸಂದು ಇದೆ. ಸಮಿತಿಯ ಅವಧಿಯೂ ಅಲ್ಲಿಯವರೆಗೆ ಇರುತ್ತದೆ. ಆ ಸಂದಿನಲ್ಲಿ ಒಂದು ವಿಚಾರಣೆ ನಡೆಸದೆ ನಾನು ವರದಿಗೆ ಸಹಿ ಹಾಕುವುದಿಲ್ಲ. ಅವರು ಒಪ್ಪಲೇಬೇಕು.

ಕೈಯ ವಿಷಯ ನಾನು ಹೇಳಿಲ್ಲ. ಹೇಳುವುದೂ ಇಲ್ಲ.

ರೂಪಾಲಿ


ಗೋಕಾಕ
೧೪ ಜೂನ್ ೨೦೦೦

ದ್ರಾಕ್ಷಾ,

ಕಾರ್ಡಿನಲ್ಲಿ ಇಷ್ಟೇ ಹಿಡಿಯುತ್ತದೆ. ಒಪ್ಪಿದರು. ಇದೇ ಇಪ್ಪತ್ತೈದು, ರವಿವಾರ, ತುಕ್ಕಾನಟ್ಟಿ ಶಾಲೆ. ಪೆಂಡಾಲಿಲ್ಲ, ಮೈಕಿಲ್ಲ. ಒಬ್ಬೊಬ್ಬರನ್ನೇ ಒಳಗೆ ಕರೆಯುತ್ತಾರೆ, ಜೊತೆಗೆ ಯಾರನ್ನೂ ಬಿಡುವುದಿಲ್ಲ. ಫೌಜದಾರನಿಗೂ ನೋಟಿಸು ಹೋಗಿದೆ. ಮಳೆ ಬಿದ್ದಿದೆ, ನಿಮ್ಮವರು ಬಂದರೆಂದು ಕೇಳಿದೆ. ಸುನೀಲ ಬರಲಿ.

ರೂಪಾಲಿ


ಹುಕ್ಕೇರಿ
೨೮ ಜೂನ್ ೨೦೦೦

ರೂಪಾಲಿ,

ಅವತ್ತು ನಾನೂ ಅವ್ವನೂ ಶಾಲೆಯ ಪಡಸಾಲೆಯಲ್ಲಿ ಕೂತಿದ್ದನ್ನು ನೋಡಿದೆಯಲ್ಲ. ಬಾಗಿಲು ಹಾಕಿದಿರಿ. ಒಳಗಿನಿಂದ ಒಂದು ಮಾತೂ ಕೇಳಲಿಲ್ಲ. ಸುನೀಲ ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಂಡ. ಏನಾಯಿತೋ ಅಂದರೆ "ಹೇಳಿದ್ನಿ" ಅಂದ, ಅಷ್ಟೇ. ಫೌಜದಾರ ನಮ್ಮ ಮುಂದೆಯೇ ಜೀಪು ಹತ್ತಿದ. ನಿನ್ನ ಮಾವನವರು ಹೊರಗೆ ಬಂದಾಗ ಅವ್ವನನ್ನು ನೋಡಿ ನಿಂತರು. ಅವ್ವ ಸೆರಗು ತಲೆಯ ಮೇಲೆ ಎಳೆದುಕೊಂಡು ಬೇರೆ ಕಡೆ ತಿರುಗಿದಳು.

ಒಳಗೆ ಏನಾಯಿತು ಎಂದು ಬರೆ. ಚೆಂದ ಮಾಡಿ ಬರೆಯಬೇಡ. ಆದದ್ದನ್ನು ಬರೆ.

ದ್ರಾಕ್ಷಾಯಿಣಿ


ಗೋಕಾಕ
೪ ಜುಲೈ ೨೦೦೦

ದ್ರಾಕ್ಷಾ,

ಆದದ್ದನ್ನು ಬರೆಯುತ್ತೇನೆ.

ಹೆಡ್‌ಮಾಸ್ತರರ ಕೋಣೆ. ಮೇಜಿನ ಹಿಂದೆ ಮಾವನವರು, ಬಲಕ್ಕೆ ಸೋಮಪ್ಪ ಸರ್, ಎಡಕ್ಕೆ ನಾನು ಹಾಳೆ ಪೆನ್ನು ಹಿಡಿದು. ಉಳಿದವರು ಗೋಡೆಗುಂಟ. ಕಿಟಕಿಯ ಹತ್ತಿರ ಕುರ್ಚಿಯಲ್ಲಿ ಫೌಜದಾರ, ಟೋಪಿ ಮೊಣಕಾಲ ಮೇಲೆ. ಸುನೀಲ ಒಳಗೆ ಬಂದು ನಿಂತ. ಮಾವನವರು ತಲೆ ಎತ್ತಲಿಲ್ಲ. ಅವರ ರೂಢಿಯೇ ಹಾಗೆ, ಮುಂದಿದ್ದ ಕಾಗದ ನೋಡುತ್ತಲೇ ಮೊದಲು ಪ್ರಮಾಣ ಮಾಡಿಸುತ್ತಾರೆ. "ಕೈ ಎತ್ತಿ, ಖರೇನ ಹೇಳ್ತೀನಿ ಅನ್ನಪಾ" ಅಂದರು.

ಸುನೀಲ ಎಡಗೈ ಎತ್ತಿದ.

ಮಾವನವರು ಕಣ್ಣಂಚಿನಲ್ಲಿ ನೋಡಿದರು. "ಎಡಗೈ ಅಲ್ಲೋ, ಬಲಗೈ. ಎಷ್ಟ ಸಲ" ಎಂದು ಶುರು ಮಾಡಿದವರು ಅಲ್ಲಿಗೇ ನಿಂತರು. ಆಗ ತಲೆ ಎತ್ತಿದರು. ಗುರುತು ಹತ್ತಿತು.

ಸುನೀಲ ಎಡಗೈ ಇಳಿಸಿದ. ಹೆಗಲಿನಿಂದ ಇಳಿಬಿಟ್ಟಿದ್ದ ರುಮಾಲಿನ ಅಡಿಯಿಂದ ಬಲಗೈ ತೆಗೆದು ಮೇಜಿನ ಮೇಲೆ, ಅವರ ಮುಂದಿದ್ದ ಕಾಗದದ ಮೇಲೆಯೇ ಇಟ್ಟ. ಎರಡು ಬೆರಳು ಒಳಕ್ಕೆ ಮಡಚಿ ಸೆಟೆದಿವೆ, ಕಿರುಬೆರಳು ಇನ್ನೊಂದರ ಮೇಲೆ ಹತ್ತಿ ಕೂತಿದೆ. ನೀನು ಪತ್ರದಲ್ಲಿ ಬರೆದದ್ದು ಏನೂ ಅಲ್ಲ.

"ಹೊಲದಾಗ ಕೇಳಿದ್ರಿ, ಕೊಡಲಿಲ್ಲ ನಾ. ಇಲ್ಲಿನೂ ಅದನ್ನ ಕೇಳಾಕತ್ತೀರಿ. ತಗೋರಿ ಸಾವಕಾರ, ಇದ ಬಲಗೈ" ಅಂದ. ಧ್ವನಿ ಏರಿಸಲಿಲ್ಲ.

ಸೋಮಪ್ಪ ಸರ್ ಕೇಳಿದರು, "ಇದನ್ನ ಹಿಂಗ ಮಾಡಿದವ್ರು ಯಾರಪಾ?" ಸುನೀಲ ಎಡಗೈಯಿಂದ ಕಿಟಕಿಯ ಕಡೆ ತೋರಿಸಿದ. ಫೌಜದಾರ ಎದ್ದು "ಸಾಹೇಬ್ರ, ಎಲ್ಲೋ ಬಿದ್ದ ಬಂದಿರಬೇಕ" ಅಂದ. "ನೀವ ಸುಮ್ನ ಕೂಡ್ರಿ" ಎಂದರು ಮಾವನವರು. ಆ ಧ್ವನಿಯನ್ನು ಅಂಗಡಿಯಲ್ಲೂ ನಾನು ಕೇಳಿಲ್ಲ, ಮನೆಯಲ್ಲೂ ಕೇಳಿಲ್ಲ.

ನಂತರ ಸುನೀಲ ಎಲ್ಲವನ್ನೂ ಹೇಳಿದ. ಎಳೆದುಕೊಂಡು ಹೋದದ್ದು, ಬೆಂಚು, ಹಿಡಿದುಕೊಂಡವರು, ಹೊಡೆದವನು, ಬಿಟ್ಟಾಗ ಆಡಿದ ಮಾತು. ಬರೆದುಕೊಂಡೆ. ಮುಗಿದ ಮೇಲೆ ನನಗೆ ಹೇಳಿದ, "ಬರಕೊಂಡ್ರಿ ಅಕ್ಕಾರ? ಓದ್ರಿ. ಅವರಿಗೂ ಕೇಳಲಿ." ಫೌಜದಾರನ ಎದುರಿಗೆ ಮೊದಲಿನಿಂದ ಕೊನೆಯವರೆಗೆ ಓದಿದೆ. ಏಳು ಜನರೂ ಸಹಿ ಮಾಡಿದೆವು. ಹಳೆಯ ವರದಿಯನ್ನು ಸೋಮಪ್ಪ ಸರ್ ಅಲ್ಲೇ ಹರಿದರು. ಹೊಸ ವರದಿ ನಿನ್ನೆ ಬೆಳಗಾವಿಗೆ ಹೋಯಿತು. ಅದರಲ್ಲಿ ಮೊದಲನೆಯ ದೂರು ಸುನೀಲನದು.

ಆ ಸಂಜೆ ಮಾವನವರು ಉಣ್ಣಲಿಲ್ಲ. ಹೊತ್ತು ಮುಳುಗುವ ಮೊದಲು ತಾಟು ಹಾಕಿದೆ, ಸರಿಸಿದರು. "ಆ ಹುಡಗ ಹೊಲದಾಗ ಯಾಕ ಹೇಳಲಿಲ್ಲ?" ಅಂದರು. "ನೀವ ಕೈ ಕೇಳಿದ್ರಿ, ಯಾಕಂತ ಕೇಳಲಿಲ್ರಿ" ಅಂದೆ. ಕಣ್ಣಲ್ಲಿ ನೀರು ತಂದುಕೊಂಡರು. ಅಂದಿನಿಂದ ಒಪ್ಪೊತ್ತು ಉಪವಾಸ ಮಾಡುತ್ತಿದ್ದಾರೆ.

ಸಮಿತಿಯನ್ನು ಇನ್ನೊಂದು ವರ್ಷ ಮುಂದುವರಿಸುತ್ತಾರಂತೆ. ಹೊಸ ಯೋಜನೆ ನಾನೇ ಬರೆಯಬೇಕು. ಬರೆಯುವ ಮೊದಲು ನಿನ್ನಲ್ಲಿಗೆ ಬರಲೇ?

ನಿನ್ನ ರೂಪಾಲಿ


ಹುಕ್ಕೇರಿ
೨ ನವೆಂಬರ್ ೨೦೦೦

ರೂಪಾಲಿ,

ಹೊಸ ಯೋಜನೆ ನಮ್ಮ ಶಾಲೆಯ ಬೋರ್ಡಿಗೆ ಬಂದಿದೆ. ನಾವಿಬ್ಬರೂ ಕೂತು ಬರೆದದ್ದು ಹೆಚ್ಚುಕಡಿಮೆ ಹಾಗೇ ಇದೆ. ತುಕ್ಕಾನಟ್ಟಿ ಜೂನಿನಲ್ಲಿ. ಅಧ್ಯಕ್ಷರು ಬರಲಾಗದ ತಿಂಗಳುಗಳಲ್ಲಿ ಸೋಮಪ್ಪ ಸರ್ ನಡೆಸಬಹುದೆಂದು ಸೇರಿಸಿಕೊ ಎಂದು ಹೊಡೆದಾಡಿದ್ದೆ, ಅದನ್ನೂ ಸೇರಿಸಿ ಒಪ್ಪಿಗೆ ತಂದಿದ್ದೀ. ಒಳ್ಳೆಯ ಕೆಲಸ ಮಾಡಿದೆ. ಹೇಳಬೇಕಾದದ್ದನ್ನು ಹೇಳಿದ್ದೇನೆ, ಈಗ ಉಳಿದದ್ದು.

ಫೌಜದಾರ ಇನ್ನೂ ಅದೇ ಕುರ್ಚಿಯಲ್ಲಿದ್ದಾನೆ. ಬಡ್ತಿ ನಿಂತಿದೆ ಅನ್ನುತ್ತಾರೆ, ಆದರೆ ಠಾಣೆಯಲ್ಲಿ ಚಹಾ ಕುಡಿಯುವುದು ನಿಂತಿಲ್ಲ. ವರದಿ ಯಾವ ಮೇಜಿನ ಮೇಲೆ ಕೂತಿದೆಯೋ ಯಾರಿಗೂ ಗೊತ್ತಿಲ್ಲ. ನಿನ್ನ ಮಾವನವರು ಉಪವಾಸ ಮಾಡಿದ್ದು, ಕಣ್ಣೀರು ಹಾಕಿದ್ದು ನೀನು ಬರೆದಿದ್ದೆ. ನನಗೆ ಅದನ್ನು ಇನ್ನು ಬರೆಯಬೇಡ. ಅವರ ಉಪವಾಸದಿಂದ ಸುನೀಲನ ಬೆರಳು ನೆಟ್ಟಗಾಗುವುದಿಲ್ಲ. ಅವರಿಗೆ ಬೆಳಗಾವಿಯಲ್ಲಿ ಪರಿಚಯದವರಿದ್ದಾರೆ, ಅಂಗಡಿಯಿದೆ, ಹೆಸರಿದೆ. ಉಣ್ಣದೆ ಕೂರುವ ಬದಲು ಆ ಕಾಗದದ ಹಿಂದೆ ಓಡಾಡಲಿ. ನೇಮವೂ ಮುಗಿಯಿತಲ್ಲ.

ಪಾಡ್ಯಕ್ಕೆ ಊರಿಗೆ ಹೋಗಿದ್ದೆ. ಹೊರಡುವ ಹಿಂದಿನ ದಿನ ನಮ್ಮ ಓಣಿಯವರು ಕಟ್ಟೆಯ ಮೇಲೆ ಕೂತು ಎಲ್ಲಿಂದ ಎಲ್ಲಿಗೆ ಹೋಗಬೇಕು, ಯಾರ ಹೊಲದಲ್ಲಿ ನಿಲ್ಲಬೇಕೆಂದು ಮಾತಾಡಿಕೊಳ್ಳುತ್ತಾರೆ. ಅದು ನಮ್ಮ ವರ್ಷದ ಯೋಜನೆ. ಅಲ್ಲಿಗೆ ನಿನ್ನ ಮಾವನವರ ಆಳು ಬಂದಿದ್ದ. ಈ ಸಲವೂ ಕೊಣ್ಣೂರ ಹೊಲಕ್ಕೆ ಬರಬೇಕಂತೆ, ಜೋಳ ಹೆಚ್ಚು ಕೊಡುತ್ತಾರಂತೆ, ಯಾವ ಕೈ ಚಾಚಿದರೂ ಸರಿಯಂತೆ.

ಎಲ್ಲರೂ ಸುನೀಲನ ಮುಖ ನೋಡಿದರು. ಅವನು ಹೇಳಿದ್ದನ್ನು ಕೇಳು, ನಿನ್ನ ಮಾವನವರಿಗೂ ಓದಿ ಹೇಳು.

"ಸಾವಕಾರಗ ಹೇಳ. ನನ್ನ ಕೈ ನೋಡ್ಯಾರ, ಬರಕೊಂಡಾರ, ಸಹಿ ಮಾಡ್ಯಾರ. ಆ ಫೌಜದಾರ ಕುರ್ಚಿ ಬಿಟ್ಟ ಇಳೀಲಿ. ಅಲ್ಲೀತನಾ ಅವ್ರ ಹೊಲದಾಗ ನಮ್ಮ ಕುರಿ ಮಲಗೂದಿಲ್ಲ."

ಒಂದು ಹಿಂಡಲ್ಲ, ರೂಪಾಲಿ, ನಮ್ಮ ಓಣಿಯ ಯಾವ ಹಿಂಡೂ ಇಲ್ಲ. ಹಿರಿಯರೆಲ್ಲ ಹೂಂ ಅಂದರು. ಆಳು ತಿರುಗಿ ಹೋದ. ಈ ವರ್ಷ ಕೊಣ್ಣೂರಿನ ಆ ಹೊಲ ಬರಿದೇ ಬಿದ್ದಿರಲಿ. ಬದುವಿನ ಮೇಲೆ ನಿಂತು ನೋಡಿದಾಗಲೆಲ್ಲ ನಿನ್ನ ಮಾವನವರಿಗೆ ನೆನಪಾಗಲಿ.

ಹೊರಡುವಾಗ ಅವ್ವ ನಿನ್ನನ್ನು ಕೇಳಿದಳು. "ಆ ವಕೀಲ ಹುಡಗಿ ಬಂದ್ರ ಎಲ್ಲಿದ್ರೂ ರೊಟ್ಟಿ ಐತಿ ಅನ್ನು" ಅಂದಳು. ಫೆಬ್ರುವರಿಯ ಹೊತ್ತಿಗೆ ಹೊಳೆಯ ಆಚೆ ದಂಡೆಯಲ್ಲಿ ಇರುತ್ತಾರಂತೆ. ಹೋಗುವುದಿದ್ದರೆ ತಿಳಿಸು, ನಾನೂ ಬರುತ್ತೇನೆ. ವರದಿ ಎಲ್ಲಿಗೆ ಬಂತೆಂದು ಗೊತ್ತು ಮಾಡಿಕೊಂಡು ಬಾ, ಅವನು ಮೊದಲು ಅದನ್ನೇ ಕೇಳುತ್ತಾನೆ.

ದ್ರಾಕ್ಷಾ